ಭಾವನ ಪಿಕಪ್ಪಿಗೆ ಹೊಸ ಸೀಟು

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರು ಕೂರುವ ರೀತಿ ಮಾತ್ರ ಮರೆಯುವುದಿಲ್ಲ! "ಯಾರು, ಆ ಕುರ್ಚಿ ತುದೀಲಿ ಕೂರ್ತಾನಲ್ಲ, ಅವನಾ? ಅವನ ಮಾತು ನಂಬಬೇಡ" ಎಂದು ಒಬ್ಬರ ಜಾತಕವನ್ನೇ ಬರೆದುಬಿಡುತ್ತಾರೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಎಲ್ಲರೂ ಹುಡುಗನ ಓದು, ಕೆಲಸ ವಿಚಾರಿಸುತ್ತಿದ್ದರೆ ಇವರು ಮೂಲೆಯಲ್ಲಿ ನಿಂತು ಅವನು ಕೂತದ್ದನ್ನೇ ನೋಡುತ್ತಿದ್ದರು. ಆಮೇಲೆ ಅಡುಗೆಮನೆಗೆ ಬಂದು, "ಬೆನ್ನು ಪೂರ್ತಿ ಒರಗಿಸಿ ಕೂತಿದ್ದಾನಮ್ಮ. ನೆಮ್ಮದಿ ಮನುಷ್ಯ, ಒಪ್ಕೋ" ಎಂದರು. ಒಪ್ಪಿಕೊಂಡೆ. ನೆಮ್ಮದಿ ಮನುಷ್ಯರೇ ನಿಜ, ಅಂದು ಒರಗಿದವರು ಇಂದಿಗೂ ಎದ್ದಿಲ್ಲ!

ಭಾವನದು ವೃತ್ತಿಯಿಂದ ಹತ್ತಿದ ಕಾಯಿಲೆ. ಹಲಸೂರಿನಲ್ಲಿ ಅವರದು ಶಾಮಿಯಾನ, ಕುರ್ಚಿ, ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಮದುವೆ, ತಿಥಿ, ಚುನಾವಣೆ ಸಭೆ ಎಲ್ಲಕ್ಕೂ ಇವರದೇ ಕುರ್ಚಿ. ಅಂಗಡಿ ಮುಚ್ಚಿದ ಮೇಲಾದರೂ ಸುಮ್ಮನಿರಬೇಡವೇ? ಫ್ರೇಜರ್ ಟೌನಿನಲ್ಲಿ ಒಂದು ಸಾವಿನ ಮನೆಗೆ ಹೋಗಿದ್ದೆವು. ತೀರಿಕೊಂಡವರ ಮಗ ಇವರ ಒಂದು ಕೈ ಹಿಡಿದು ಅಳುತ್ತಿದ್ದರೆ, ಇವರು ಇನ್ನೊಂದು ಕೈಯಿಂದ ಪಕ್ಕದ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ, "ಈ ಕುರ್ಚಿ ಯಾರಪ್ಪಾ ಕೊಟ್ಟಿದ್ದು? ಇನ್ನೊಬ್ರು ಹೋಗ್ತಾರೆ" ಎಂದರು. ನಾನು ಅಕ್ಕನ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡೆ.

ಊರಿಗೆಲ್ಲ ಕುರ್ಚಿ ಹಾಕಿದ ಈ ಮಹಾನುಭಾವರು ಕಟ್ಟಿಕೊಂಡ ಹೆಂಡತಿಗೆ ಹಾಕಿದ ಸೀಟು ಎಂಥದ್ದು ಗೊತ್ತೆ? ಅಂಗಡಿಯದೆಲ್ಲ ಮಾರಿದರೂ ಭಾವ ತಮ್ಮ ಹಳೆಯ ಪಿಕಪ್ ಗಾಡಿಯನ್ನು ಮಾತ್ರ ಮಾರಲಿಲ್ಲ. ಅದು ನನಗಿಂತ ವಯಸ್ಸಿನಲ್ಲಿ ದೊಡ್ಡದು. ಮುಂದೆ ಬೆಂಚಿನ ಹಾಗೆ ಒಂದೇ ಉದ್ದನೆಯ ಸೀಟು. ರೆಕ್ಸಿನ್ ಹರಿದು, ಒಳಗಿನ ಸ್ಪ್ರಿಂಗು ಹೊರಗಿಣುಕಿ ಅಕ್ಕನ ಸೀರೆಗಳನ್ನೆಲ್ಲ ರುಚಿ ನೋಡಿತ್ತು. ಅಕ್ಕ ಗೋಣಿಚೀಲ ಮಡಿಸಿ ಹಾಕಿಕೊಂಡು ಅದರಲ್ಲೇ ಭಾವನ ಪಕ್ಕ ಕೂತು ಕೆ.ಆರ್. ಪುರಂ ಸಂತೆಗೆ ಹೋಗಿ ಬರುತ್ತಿದ್ದಳು. ಸಂತೆಯ ದಿನ ಬಂತೆಂದರೆ ಇಬ್ಬರಿಗೂ ಹಬ್ಬ.

ಹೀಗೆ ಹೋಗುವಾಗ ಒಂದು ದಿನ, ತೂಗುಸೇತುವೆ ಇನ್ನೇನು ಸಿಗಬೇಕು ಎನ್ನುವಾಗ, ಗಾಡಿ ಒಂದು ಹಳ್ಳಕ್ಕೆ ಧೊಪ್ಪನೆ ಇಳಿಯಿತು. "ಅಯ್ಯಮ್ಮಾ" ಎಂದ ಅಕ್ಕ ನೇರವಾಗಿ ಆಸ್ಪತ್ರೆ ಸೇರಿದಳು. ಸೊಂಟಕ್ಕೆ ಆಪರೇಷನ್ ಆಯಿತು. ಡಿಸ್ಕು ಮೊದಲೇ ಸವೆದಿತ್ತು, ಹಳ್ಳ ಒಂದು ನೆಪ ಎಂದರು ಡಾಕ್ಟರು. ಆದರೆ ಅವರ ಮಾತು ಯಾರಿಗೆ ಬೇಕು?

"ನೋಡ್ಕೊಂಡು ಓಡಿಸ್ಬಾರ್ದಾಗಿತ್ತಾ?" ಎಂದಳು ಅಕ್ಕ.

"ನಾನು ಸರಿಯಾಗೇ ಓಡಿಸ್ತಿದ್ದೆ. ಸೀಟಿನ ಸ್ಪ್ರಿಂಗು ಹೋಗಿತ್ತು" ಎಂದರು ಭಾವ.

"ಹಂಗಾದ್ರೆ ನಾನಿನ್ನು ಆ ಗಾಡಿ ಹತ್ತಲ್ಲ."

ಹತ್ತಲೂ ಇಲ್ಲ. ಸೊಂಟ ಕೂಡಿಕೊಂಡು, ಓಡಾಡಬಹುದು ಎಂದು ಡಾಕ್ಟರು ಹೇಳಿದ ಮೇಲೂ ಹತ್ತಲಿಲ್ಲ. ಸಂತೆಯ ದಿನ ಭಾವ ಒಬ್ಬರೇ ಹೋಗಿ, ಬಲಿತ ಬೆಂಡೆಕಾಯಿ ತಂದು, ಬೈಸಿಕೊಂಡು ಒಳಗೊಳಗೇ ಕೊರಗುತ್ತಿದ್ದರು. 'ತಪ್ಪಾಯ್ತು' ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ತಲೆ ಹೋದರೂ ಆ ಮಾತು ಆಡುವ ಆಸಾಮಿಯೇ ಅದು? ಅದರ ಬದಲು ಗಾಡಿಗೆ ಹೊಸ ಕಾಲದ ಸೀಟು ಹಾಕಿಸಿ ಅಕ್ಕನನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅವರಿಗೆ ಸುಲಭವಾಗಿ ಕಂಡಿತು.

"ಮೆಟ್ರೋ ಇದೆಯಲ್ಲ ಭಾವ, ಹಲಸೂರಲ್ಲಿ ಹತ್ತಿದ್ರೆ ಕೆ.ಆರ್. ಪುರಂ. ಇಬ್ರೂ ಆರಾಮಾಗಿ ಹೋಗ್ಬನ್ನಿ" ಎಂದೆ.

"ಮೆಟ್ರೋದಲ್ಲಿ ಸೀಟು ಕೊಡ್ತಾರೆ, ಸ್ಟೇರಿಂಗ್ ಕೊಡ್ತಾರಾ?"

ಸರಿ, ಸೀಟಿನ ಸಂಶೋಧನೆ ಆರಂಭವಾಯಿತು. ಮೊದಲು ಇಂದಿರಾನಗರದ ಒಂದು ಭಾರೀ ಕಾರು ಶೋರೂಮು. ಪಂಚೆ ಉಟ್ಟ ಭಾವ ಅಲ್ಲಿದ್ದ ಕಾರುಗಳಲ್ಲೆಲ್ಲ ಹತ್ತಿ ಕೂತರು. ಮಸಾಜಿನ ಹಾಗೆ ಬೆನ್ನು ಒತ್ತುವ ಸೀಟೊಂದರಲ್ಲಿ ಗೊರಕೆಯನ್ನೂ ಹೊಡೆದರು! ಎಬ್ಬಿಸಿದ ಸೇಲ್ಸ್‌ಮನ್‌ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸೀಟು ಮಾತ್ರ ಎಷ್ಟಕ್ಕೆ ಕೊಡ್ತೀರಾ?"

"ಸರ್, ಸೀಟ್ ಸಪರೇಟಾಗಿ ಬರಲ್ಲ, ಕಾರ್ ಜೊತೇಲೇ ಬರತ್ತೆ."

"ಕಾರು ನೀವೇ ಇಟ್ಕೊಳ್ಳಿ."

ಮುಂದಿನ ದರ್ಶನ ಶಿವಾಜಿನಗರದ ಗುಜರಿ. ಅಲ್ಲಿ ಅಪಘಾತದಲ್ಲಿ ಅಪ್ಪಚ್ಚಿಯಾದ ದೊಡ್ಡ ಕಾರೊಂದರ ಎರಡು ಸೀಟುಗಳು ಕಣ್ಣಿಗೆ ಬಿದ್ದವು. "ಕೂತು ನೋಡಿ ಅಣ್ಣಾ, ಸೀಟಲ್ಲ ಇದು, ತಖ್ತ್, ಸುಲ್ತಾನರ ಸಿಂಹಾಸನ! ಬಟನ್ ಒತ್ತಿದ್ರೆ ಮುಂದೆ, ಬಟನ್ ಒತ್ತಿದ್ರೆ ಹಿಂದೆ" ಎಂದ ಅಂಗಡಿಯ ಭಾಯಿ. ಭಾವ ಅದರಲ್ಲಿ ಕೂತು, ಚಹಾ ಕುಡಿದು, ಮತ್ತೆ ಕೂತು, ಅಲ್ಲಿಂದಲೇ ಮನೆಗೆ ಓಡಿಬಂದು ಅಳತೆ ಟೇಪು ಹಿಡಿದು ದೋಸೆ ಹುಯ್ಯುತ್ತಿದ್ದ ಅಕ್ಕನ ಬೆನ್ನು ಅಳೆಯತೊಡಗಿದರು.

"ಏನ್ರೀ ಇದು, ರವಿಕೆ ಹೊಲಿಸ್ತೀರಾ?"

"ಸುಮ್ನೆ ನೆಟ್ಟಗೆ ನಿಂತ್ಕೊಳ್ಳೇ."

ಅಕ್ಕನ ಬೆನ್ನು ಅಳೆದರು, ಸೀಟು ಅಳೆದರು, ಗಾಡಿಯ ಒಳಗಿನ ಉದ್ದಗಲ ಅಳೆದರು. ಗರುಡಾಚಾರ್‌ಪಾಳ್ಯದ ವೆಲ್ಡಿಂಗ್ ಶೆಡ್ಡಿನಲ್ಲಿ ಹಳೆಯ ಬೆಂಚು ಕಿತ್ತು ಎರಡೂ ಸೀಟು ಕೂರಿಸಿದರು. ಅಳತೆ ಎಂದರೆ ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಭಾವ ಠೀವಿಯಿಂದ ಹತ್ತಿದರು. ಠಣ್ ಎಂದು ಚಾವಣಿಗೆ ತಲೆ ಹೊಡೆಯಿತು! ಜನ್ಮವೆಲ್ಲ ಖಾಲಿ ಕುರ್ಚಿಗಳನ್ನೇ ಒಂದರ ಮೇಲೊಂದು ಪೇರಿಸಿ ಲಾರಿಗೆ ತುಂಬಿದವರು ನೋಡಿ, ಕುರ್ಚಿಯ ಮೇಲೆ ಮನುಷ್ಯ ಕೂರುತ್ತಾನೆ, ಆ ಮನುಷ್ಯನಿಗೆ ತಲೆ ಇರುತ್ತದೆ ಎಂಬುದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಅಕ್ಕ ಕುಳ್ಳಿ, ಅವಳಿಗೆ ತೊಂದರೆ ಇಲ್ಲ. ಆರಡಿ ಭಾವ ಹಸೆಮಣೆಯ ಮದುಮಗಳ ಹಾಗೆ ತಲೆ ತಗ್ಗಿಸಿಕೊಂಡೇ ಗಾಡಿ ಓಡಿಸಿಕೊಂಡು ಬಂದರು.

ಅಕ್ಕ ಬಾಗಿಲಲ್ಲೇ ನಿಂತು ನೋಡಿ, "ಚೆನ್ನಾಗಿದೆ" ಎಂದಳು. ಹತ್ತಲಿಲ್ಲ.

ಆಗ ಬಂತು ನನ್ನ ಗ್ರಹಚಾರ. "ನಿಮ್ಮಿಬ್ರ ಸೊಂಟಾನೂ ಒಂದೇ ಕಂಪನೀದು. ನೀನು ಬಾ" ಎಂದು ನನ್ನನ್ನು ಆ ಸೀಟಿನಲ್ಲಿ ಹಾಕಿಕೊಂಡು ಹೊಸ ತಿಪ್ಪಸಂದ್ರದ ಗಲ್ಲಿಗಳಲ್ಲಿ ಹುಡುಕಿ ಹುಡುಕಿ ಹಳ್ಳಕ್ಕೆ ಇಳಿಸಿದರು. ಪ್ರತಿ ಹಳ್ಳದಲ್ಲೂ ಒಂದೇ ವಿಚಾರಣೆ.

"ಸೊಂಟಕ್ಕೆ ತಗುಲ್ತಾ?"

"ಸ್ವಲ್ಪ ತಗುಲ್ತು ಭಾವ."

"ಸ್ವಲ್ಪ ಅಂದ್ರೆ ಎಷ್ಟು? ಎಡಕ್ಕಾ, ಬಲಕ್ಕಾ?"

ಹೀಗೆ ಬಡಪಾಯಿ ನಾದಿನಿಯ ಸೊಂಟವನ್ನು ಪ್ರಯೋಗಶಾಲೆ ಮಾಡಿದ ಭಾವ ಇನ್ನೊಬ್ಬರು ಇದ್ದಾರೆಯೇ? ದಿನ ಕಳೆದಂತೆ ಮಾತ್ರ ನನ್ನ ಸೀಟು ಮೆತ್ತಗಾಗುತ್ತಾ ಬಂತು. ಭಾವನ ತಲೆಯೂ ಚಾವಣಿಯಿಂದ ಕೆಳಗಿಳಿಯುತ್ತಾ ಬಂತು. ಇದೇನು ಮಾಯೆ ಎಂದು ಅವರು ಇಳಿದಾಗ ಇಣುಕಿ ನೋಡಿದೆ. ತಮ್ಮ ಸೀಟಿನ ಸ್ಪಂಜನ್ನೆಲ್ಲ ಕಿತ್ತು ಅಕ್ಕನ ಸೀಟಿಗೆ ತುಂಬಿಸಿಬಿಟ್ಟಿದ್ದರು! ತಾವು ಕೂರುತ್ತಿದ್ದದ್ದು ಬರೀ ಕಬ್ಬಿಣದ ಚೌಕಟ್ಟಿನ ಮೇಲೆ ಹಾಸಿದ ಒಂದು ಟವೆಲ್ಲಿನ ಮೇಲೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ಹುಚ್ಚು ಮುಂಡೇದು" ಎಂದು ಗೊಣಗಿ ಅವಳು ಸೊಪ್ಪು ಬಿಡಿಸತೊಡಗಿದಳು. ಆದರೆ ಮುಂದಿನ ಸಂತೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿ, ಚೀಲ ಹಿಡಿದು ಗಾಡಿಯ ಪಕ್ಕ ನಿಂತಿದ್ದಳು. "ನಡೀರಿ, ಬಿಸಿಲೇರತ್ತೆ" ಎಂದಳು.

ನನ್ನನ್ನೂ ಹೊರಡಿಸಿದಳು, ಆದರೆ ಸೀಟು ಇರುವುದು ಎರಡೇ. ಹಾಗಾಗಿ ನಾನು ಹಿಂದೆ, ಸಾಮಾನು ಹೇರುವ ಜಾಗದಲ್ಲಿ! ಪೊಲೀಸರ ಕಣ್ಣಿಗೆ ಬೀಳದ ಹಾಗೆ ಬಗ್ಗಿ ಕೂತಿದ್ದೆ. ಹಿಂಬದಿಯ ಗಾಜು ಎಂದೋ ಒಡೆದುಹೋಗಿ ಬರೀ ಕಿಂಡಿ ಉಳಿದಿದ್ದರಿಂದ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಮಾತೇ ಇರಲಿಲ್ಲ ಅನ್ನಿ. ಭಾವ ದೇವರ ಉತ್ಸವಮೂರ್ತಿಯನ್ನು ಹೊತ್ತವರ ಹಾಗೆ ಗಾಡಿ ನಡೆಸುತ್ತಿದ್ದರು. ಸೈಕಲ್ಲಿನವರೆಲ್ಲ ನಮ್ಮನ್ನು ದಾಟಿ ಹೋದರು.

ತೂಗುಸೇತುವೆ ಕಾಣುವ ಹೊತ್ತಿಗೆ, ಆ ಹಳ್ಳ ಇದ್ದ ಜಾಗದಲ್ಲಿ, ಭಾವ ಗಾಡಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟರು. ಹಳ್ಳ ಮುಚ್ಚಿ ಯಾವ ಕಾಲವಾಗಿತ್ತೋ. ಹಿಂದಿನ ಆಟೋದವನು ತಮಿಳು, ಕನ್ನಡ ಎರಡರಲ್ಲೂ ನಮ್ಮ ವಂಶವನ್ನು ನೆನೆಯತೊಡಗಿದ.

"ಸೀಟಿಂದಲ್ಲ ಕಣೇ" ಎಂದರು ಭಾವ. "ತಪ್ಪು ನಂದೇ. ಅವತ್ತು ನಾನು ರೋಡ್ ನೋಡ್ತಿರ್ಲಿಲ್ಲ. ನೀನು ಏನೋ ಹೇಳ್ದೆ. ಇಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ. ಏನು ಅಂತ ನಿನ್ ಕಡೆ ತಿರುಗ್ದೆ."

ಅಕ್ಕ ಅವರ ಕಡೆ ತಿರುಗಿದಳು.

"ನಾನೇನು ಹೇಳ್ದೆ ಅಂತ ಗೊತ್ತಾ?"

"ಇಲ್ಲ. ಕೇಳಕ್ಕೆ ಧೈರ್ಯ ಬರ್ಲಿಲ್ಲ."

"ಮುಂದೆ ಹಳ್ಳ ಇದೆ, ನೋಡ್ಕೊಂಡು ಹೋಗ್ರೀ ಅಂದೆ!"

ಹಾಗೆಂದು ಅಕ್ಕ ನಕ್ಕಳು. ಸೊಂಟ ಹಿಡಿದುಕೊಂಡು, ಉಸಿರು ಕಟ್ಟುವ ಹಾಗೆ ನಕ್ಕಳು. ಆಪರೇಷನ್ ಆದ ಮೇಲೆ ಅವಳು ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ, ಕಿಂಡಿಯಲ್ಲಿ ಮುಖ ಹಾಕಿ ಭಾವನನ್ನು ಚೆನ್ನಾಗಿ ಆಡಿಕೊಳ್ಳಬೇಕು ಎಂದುಕೊಂಡೆ. ಆದರೆ ನನ್ನ ಭಾವ, ಆರಡಿ ಎತ್ತರದ ಮನುಷ್ಯ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.