ಆರನೇ ಎಲೆಕೋಸಿನ ಕಾವಲು

ಜಿಂಕೆಯನ್ನು ಮಾಡುವಾಗ ದೇವರು ತನ್ನಲ್ಲಿದ್ದ ಕರುಣೆಯನ್ನೆಲ್ಲ ಅದರ ಕಣ್ಣಿಗೇ ಸುರಿದುಬಿಟ್ಟನೆಂದು ಕಾಣುತ್ತದೆ. ಹೊಟ್ಟೆಗೆ ಬರುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಈ ಸತ್ಯ ಗಡಿಯಾರದಪ್ಪನಿಗೆ ಹೊಳೆದದ್ದು ಹಿತ್ತಿಲ ಆರು ಎಲೆಕೋಸುಗಳಲ್ಲಿ ಐದು ಒಂದೇ ಬೆಳಗಿಗೆ ಮಾಯವಾದಾಗ.

ಗಡಿಯಾರ ರಿಪೇರಿ ಅವನ ಕಸುಬು, ಆದ್ದರಿಂದ ಆ ಹೆಸರು. ಅಂದು ಸಂಜೆ ನಾಲ್ಕಕ್ಕೆ ತೋಟಗಾರರ ಸಂಘದ ಅಧ್ಯಕ್ಷರು ಬೀದಿಯ ಕೈತೋಟಗಳನ್ನೆಲ್ಲ ನೋಡಿ ಪದಕ ಕೊಡುವವರಿದ್ದರು. ಆರು ವರ್ಷದಿಂದಲೂ ಪದಕ ಪಕ್ಕದ ಮನೆಯ ಟೀಚರಮ್ಮನಿಗೆ, ಎರಡನೇ ಸ್ಥಾನ ಗಡಿಯಾರದಪ್ಪನಿಗೆ. ಆಕೆ ಅವನಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಐವತ್ತರ ಹತ್ತಿರ ಬಂದರೂ ಆಕೆಯ ಮುಂದೆ ಅವನ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಒಂದೇ ಒಂದು ಸಲ ಆಕೆಯನ್ನು ಸೋಲಿಸಿ ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಎಂದು ಅವನು ದಿನವೂ ಪ್ರಾರ್ಥಿಸುತ್ತಿದ್ದ.

"ರೀ, ಓಡಿಸ್ರೀ ಅದನ್ನ! ಇನ್ನೊಂದೇ ಉಳಿದಿರೋದು!" ಹೆಂಡತಿ ಅಡುಗೆಮನೆ ಕಿಟಕಿಯಿಂದ ಕೂಗಿದಳು.

ಅವನು ಪೊರಕೆ ಎತ್ತಿದ. ಜಿಂಕೆ ತಲೆಯೆತ್ತಿ ನೋಡಿತು. ಪೊರಕೆ ತಾನಾಗಿ ಇಳಿಯಿತು.

"ನೋಡೇ, ಹೇಗೆ ನೋಡ್ತಿದೆ!"

"ಅದು ನಿಮ್ಮನ್ನ ನೋಡ್ತಿಲ್ಲ. ನಿಮ್ಮ ಹಿಂದಿರೋ ಕೋಸನ್ನ ನೋಡ್ತಿದೆ."

ಗದ್ದಲ ಕೇಳಿ ಎದುರುಮನೆ ದರ್ಜಿ, ಮೂಲೆಮನೆ ಕ್ಷೌರಿಕ ಇಬ್ಬರೂ ಬಂದರು. ಜಿಂಕೆ ಹಿಂದಿನ ಗುಡ್ಡಕ್ಕೆ ಜಿಗಿದು ಹೋಯಿತು. ಊಟದ ಹೊತ್ತಿಗೆ ಮತ್ತೆ ಬರುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಒಂದು ಬೆದರುಬೊಂಬೆ ನಿಲ್ಸಿ" ಎಂದ ದರ್ಜಿ. "ನಿಮ್ಮ ಅಂಗಡಿ ಕೋಟು ಕೊಡಿ, ನಾನು ಮಾಡ್ತೀನಿ."

"ಬಟ್ಟೆಗೆ ಜಿಂಕೆ ಹೆದರುತ್ತಾ? ಮನುಷ್ಯನ ಕೂದಲ ವಾಸನೆ ಬೇಕು. ಅದೂ ಮನೆ ಯಜಮಾನಂದೇ ಆಗ್ಬೇಕು" ಎಂದ ಕ್ಷೌರಿಕ.

ಗಡಿಯಾರದಪ್ಪ ತಲೆ ಸವರಿಕೊಂಡ. ಅಲ್ಲಿ ಇದ್ದದ್ದೇ ಕಿವಿಯಿಂದ ಕಿವಿಗೆ ಒಂದು ಬೇಲಿ. "ಇದು ಸಾಲುತ್ತೇನಯ್ಯಾ?"

"ಸಾಲಲ್ಲ. ಮೀಸೆನೂ ಬೇಕಾಗುತ್ತೆ."

ಹನ್ನೊಂದು ಗಂಟೆಗೆ ಅವನ ಮುಖ ಸುಲಿದ ಮೊಟ್ಟೆಯಂತೆ ಹೊಳೆಯುತ್ತಿತ್ತು. ಹೆಂಡತಿ ಬಾಗಿಲು ತೆರೆದು, "ಯಾರು ಬೇಕಿತ್ತು?" ಎಂದು ಕೇಳಿ, ಧ್ವನಿ ಗುರುತು ಹಿಡಿದ ಮೇಲೆಯೇ ಒಳಗೆ ಬಿಟ್ಟಳು.

ತಪ್ಪಾದದ್ದು ದರ್ಜಿಯ ಕಸುಬಿನಲ್ಲಿ. ಮೂವತ್ತು ವರ್ಷ ಹೊಲಿದ ಕೈಗೆ ಕೆಟ್ಟದಾಗಿ ಹೊಲಿಯುವುದು ಹೇಗೆಂದು ಗೊತ್ತಿರಲಿಲ್ಲ. ಹುಲ್ಲಿನ ಭುಜಕ್ಕೆ ಹತ್ತಿ ತುಂಬಿದ, ಕೋಟಿನ ಸೊಂಟ ಬಿಗಿ ಮಾಡಿದ, ಇಸ್ತ್ರಿ ಹಾಕಿದ, ಕೈಗೆ ಬಿಳಿ ಗವಸು ತೊಡಿಸಿದ. "ನಿಮ್ಮ ಅಳತೆ ನನ್ನ ಪುಸ್ತಕದಲ್ಲೇ ಇದೆ. ಹೊಟ್ಟೆ ಮಾತ್ರ ಬಿಟ್ಟಿದೀನಿ, ಚೆನ್ನಾಗಿ ಕಾಣಲ್ಲ." ಕ್ಷೌರಿಕನೇನು ಕಡಿಮೆಯೇ? ತನ್ನ ಅಂಗಡಿಯ ಕೂದಲನ್ನೂ ಬೆರೆಸಿ ಬೊಂಬೆಯ ಮಡಕೆತಲೆಗೆ ಕೂರಿಸಿ ಪಕ್ಕಕ್ಕೆ ಬೈತಲೆ ತೆಗೆದ, ಮೀಸೆ ಅಂಟಿಸಿ ತುದಿ ತಿರುವಿದ.

ಮೂರೂವರೆಗೆ ಬೊಂಬೆ ಕೋಸಿನ ಪಕ್ಕ ನಿಂತಿತು. ಹೆಂಡತಿ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಮದುವೆಯಲ್ಲಿ ನೀವು ಹೀಗೇ ಇದ್ರಿ."

ಅಷ್ಟರಲ್ಲಿ ಜಿಂಕೆ ಬಂತು. ಅದು ಬೆದರಲಿಲ್ಲ. ನೆಂಟರ ಮನೆಗೆ ಬಂದ ಹಾಗೆ ನೇರ ಬೊಂಬೆಯ ಬಳಿ ನಡೆದು, ಕೋಟಿನ ಎಡಜೇಬಿಗೆ ಮೂತಿ ತೂರಿಸಿ ಕ್ಯಾರೆಟ್ ಚೂರು ತೆಗೆದು ತಿನ್ನತೊಡಗಿತು.

ಹೆಂಡತಿ ನಿಧಾನವಾಗಿ ತಿರುಗಿದಳು. "ಜೇಬಲ್ಲಿ ಕ್ಯಾರೆಟ್ ಹೇಗೆ ಬಂತು?"

"ಅದು... ಬೆಳಗಿನ ಜಾವ... ಪಾಪ, ಮೂಕಪ್ರಾಣಿ..."

"ಓಹೋ! ಅದನ್ನ ಹಿತ್ತಿಲಿಗೆ ಕರೆದು ಅಭ್ಯಾಸ ಮಾಡ್ಸಿದ್ದೇ ನೀವು!"

"ಹೊಟ್ಟೆ ತುಂಬಿಸಿದ್ರೆ ಕೋಸು ಮುಟ್ಟಲ್ಲ ಅಂದ್ಕೊಂಡೆ ಕಣೇ."

ಜೇಬು ಬರಿದಾಯಿತು. ಜಿಂಕೆ ಕೋಸಿಗೆ ಬಾಯಿ ಹಾಕಿತು. ಗಡಿಯಾರದಪ್ಪ ಕೈಬೀಸಿ ಅರಚುತ್ತ ಓಡಿದ. ಕೋಟು, ಮೀಸೆ ಎರಡೂ ಇಲ್ಲದ ಈ ಬೋಳುತಲೆಯವನ ಪರಿಚಯ ಜಿಂಕೆಗಿರಲಿಲ್ಲ; ಬೊಂಬೆಗೆ ಇನ್ನಷ್ಟು ಒತ್ತಿಕೊಂಡು ನಿಂತಿತು. ಅದೇ ಕ್ಷಣ ಹಿಂದಿನಿಂದ ಒಂದು ಊರುಗೋಲು ಬಂದು ಅವನ ಕತ್ತಿಗೆ ಕೊಕ್ಕೆಯಾಯಿತು.

"ಸುಮ್ನಿರಯ್ಯ, ಮೂರ್ಖ!" ಪಿಸುಗುಟ್ಟಿದವರು ಅಧ್ಯಕ್ಷರು. ಎಂಬತ್ತರ ಹಿರಿಯರು, ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪ. ಅವರ ಹಿಂದೆ ಟೀಚರಮ್ಮ. "ಯಜಮಾನ್ರು ಕಲ್ಲಿನ ಹಾಗೆ ನಿಂತಿದಾರೆ. ನೀನು ಕೂಲಿಯವನು ಕುಣೀತೀಯಲ್ಲ!"

"ಸಾರ್, ಅದು ಬೊಂಬೆ! ಯಜಮಾನ ನಾನು!"

"ಅನ್ನ ಹಾಕಿದವರನ್ನ ಬೊಂಬೆ ಅಂತೀಯಾ? ನಾಚಿಕೆ ಆಗ್ಬೇಕು."

ಗಡಿಯಾರದಪ್ಪ ದರ್ಜಿಯ ಕಡೆ ನೋಡಿದ. ದರ್ಜಿ ಆಕಾಶ ನೋಡಿದ; ಅವನ ಕಸುಬಿಗೆ ಇಷ್ಟು ದೊಡ್ಡ ಗೌರವ ಈವರೆಗೆ ಸಿಕ್ಕಿರಲಿಲ್ಲ. ಕ್ಷೌರಿಕ ಮೀಸೆಯನ್ನೇ ನೋಡುತ್ತಿದ್ದ, ಕಣ್ಣು ಒದ್ದೆಯಾಗಿತ್ತು.

ಆರನೇ ಎಲೆಕೋಸು ಎಲೆ ಎಲೆಯಾಗಿ ಹೋಗುತ್ತಿತ್ತು. ಅಧ್ಯಕ್ಷರು ಕೈಮುಗಿದರು. "ನಲವತ್ತು ವರ್ಷದಿಂದ ತೋಟ ನೋಡ್ತಿದೀನಿ. ಎಲ್ಲರೂ ಬೇಲಿ ಹಾಕೋರೇ. ಬೆಳೆದದ್ದನ್ನ ಕಣ್ಣೆದುರಿಗೇ ತಿನ್ನೋಕೆ ಬಿಟ್ಟು, ಮುಖದಲ್ಲಿ ಒಂದು ಗೆರೆ ಅಲುಗದೆ ನಿಂತ ಮಹಾತ್ಮನನ್ನ ಇವತ್ತೇ ಕಂಡಿದ್ದು."

ಕೊನೆಯ ದಂಟನ್ನೂ ಮುಗಿಸಿ ಜಿಂಕೆ ಗುಡ್ಡಕ್ಕೆ ಹೋಯಿತು. ಅಧ್ಯಕ್ಷರು ಮೆಲ್ಲಗೆ ನಡೆದು ಬೊಂಬೆಯ ಕೊರಳಿಗೆ ಪದಕ ಹಾಕಿ ಕೈಕುಲುಕಿದರು. "ಎಷ್ಟು ಮೃದುವಾದ ಕೈ! ಮಾತೂ ಇಲ್ಲ, ಮೌನವ್ರತ ಅನ್ಸುತ್ತೆ." ಹೋಗುವಾಗ ಗೇಟಿನಲ್ಲಿ ನಿಂತು ಹೆಂಡತಿಗೆ ಹೇಳಿದರು: "ಪುಣ್ಯವಂತೆ ಕಣಮ್ಮ ನೀನು. ಆದರೆ ಆ ಕೂಲಿಯವನನ್ನ ಇಟ್ಕೋಬೇಡ."

"ಆಗಲಿ ಸಾರ್, ಯೋಚ್ನೆ ಮಾಡ್ತೀನಿ" ಎಂದಳು ಹೆಂಡತಿ.

ಅಧ್ಯಕ್ಷರು ತಿರುವು ದಾಟಿದ್ದೇ ತಡ, ಗಡಿಯಾರದಪ್ಪ ಪದಕ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡ. ಹೇಗೆ ಬಂದರೇನು, ಬಂತಲ್ಲ! ಅವನು ಕಟ್ಟಿಕೊಳ್ಳಹೊರಟ ಕೈಯನ್ನು ಕೆಳಗಿಳಿಸಿ, ಜೀವಮಾನದಲ್ಲಿ ಮೊದಲ ಸಲ ಟೀಚರಮ್ಮನ ಎದುರು ಎದೆಯುಬ್ಬಿಸಿ ನಿಂತ.

"ಟೀಚರ್, ಕೊನೆಗೂ ನಿಮ್ಮನ್ನ ಎರಡನೇ ಸ್ಥಾನಕ್ಕೆ ಇಳಿಸಿದೆ!"

ಟೀಚರಮ್ಮ ಬೊಂಬೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವನನ್ನು ನೋಡಿದರು. ಮೂರನೇ ಕ್ಲಾಸಿನಲ್ಲಿ ತಪ್ಪು ಮಗ್ಗಿ ತಿದ್ದುತ್ತಿದ್ದ ಅದೇ ಅಕ್ಕರೆಯ ದನಿಯಲ್ಲಿ ಹೇಳಿದರು:

"ಸರಿಯಾಗಿ ಎಣಿಸೋ ಮರಿ. ಒಂದನೆಯವನು ಅವನು. ಎರಡನೆಯವಳು ನಾನು. ನೀನು ಈ ಸಲ ಮೂರು."