ಹೀಟ್ ಪಂಪಿಗೊಂದು ಗವಸು

"ಏಳೇ ದಿನ! ಬರೋ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಈ ಕೊಳದ ನೀರು ಮೂವತ್ತೆರಡು ಡಿಗ್ರಿ ಇರದಿದ್ರೆ ನನ್ನ ಹೆಸರೇ ಬದಲಾಯಿಸಿ!"

ಹಿತ್ತಿಲಿನ ಈಜುಕೊಳದ ದಂಡೆಯ ಮೇಲೆ ನಿಂತು, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಆಕಾಶಕ್ಕೆತ್ತಿ ಗವಸಣ್ಣ ಪ್ರತಿಜ್ಞೆ ಮಾಡಿದ. ಹಿಂಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ ಹೆಂಡತಿ, "ಬದಲಾಯಿಸೋಕೆ ಇನ್ನೇನು ಉಳಿದಿದೆ ರೀ?" ಎಂದಳು.

ಮಾತು ನಿಜ. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು. ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು ಅವನು. ಗಾಳಿ, ಬೆಳಕು, ಧೂಳು ಇವು ಮೂರೇ ಜಗತ್ತಿನ ಪರಮ ಶತ್ರುಗಳು ಎಂಬುದು ಅವನ ಸಿದ್ಧಾಂತ. ಬೆಲೆಬಾಳುವ ವಸ್ತು ಯಾವುದೇ ಇರಲಿ, ಅದಕ್ಕೊಂದು ಗವಸು ಹಾಕಬೇಕು, ಪೆಟ್ಟಿಗೆಯಲ್ಲಿಡಬೇಕು, ಬೀಗ ಜಡಿಯಬೇಕು! ಮನೆಯಲ್ಲಿ ಟೀವಿಗೆ ಗವಸು, ರಿಮೋಟಿಗೆ ಗವಸು, ಮಿಕ್ಸಿಗೆ ಗವಸು. ಕೊಡೆಗೆ ಒಂದು ಗವಸು, ಆ ಗವಸು ಹಾಳಾಗಬಾರದೆಂದು ಮೇಲೊಂದು ಗವಸು. ಅವೆರಡನ್ನೂ ಬಿಚ್ಚಿ ಕೊಡೆ ಅರಳಿಸುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. ಅಕ್ಕನ ಮಕ್ಕಳು ತಮಾಷೆಗೆ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿ, ಈಗ ಪೋಸ್ಟ್‌ಮ್ಯಾನ್ ಕೂಡ "ಗವಸಣ್ಣಾ, ಪತ್ರ!" ಎಂದೇ ಕೂಗುತ್ತಿದ್ದ.

ಆದರೆ ಈ ಸಲದ ಪ್ರತಿಜ್ಞೆ ಜಂಬಕ್ಕಾಗಿ ಮಾಡಿದ್ದಲ್ಲ. ಅದರ ಹಿಂದೆ ಹೆಂಡತಿಯ ಎಡ ಮಂಡಿ ಇತ್ತು.

ಮಂಡಿಯ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಗಾಯ ಮಾಗಿತ್ತು, ಆದರೆ ಕಾಲು ಮಡಿಯುತ್ತಿರಲಿಲ್ಲ. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ ಮೇಡಂ ಕೋನ ಅಳೆಯುವ ತಮ್ಮ ಅಳತೆಪಟ್ಟಿಯನ್ನು ಮಂಡಿಗಿಟ್ಟು ನೋಡಿ, "ಅರವತ್ತೆಂಟು ಡಿಗ್ರಿ. ಎರಡು ವಾರದಲ್ಲಿ ತೊಂಬತ್ತು ದಾಟಬೇಕು. ಇಲ್ಲದಿದ್ರೆ ಡಾಕ್ಟರು ಮತ್ತೆ ಅರಿವಳಿಕೆ ಕೊಟ್ಟು, ಅವರೇ ಬಲವಂತವಾಗಿ ಮಡಿಸ್ತಾರೆ" ಎಂದಿದ್ದರು. "ಮಂಡಿಗೆ ಏನೂ ಆಗಿಲ್ಲಮ್ಮ. ನೋವಾಗುತ್ತೆ ಅನ್ನೋ ಭಯಕ್ಕೆ ನೀವೇ ಬಿಗಿ ಹಿಡ್ಕೊಂಡಿದ್ದೀರಿ. ಬೆಚ್ಚಗಿನ ನೀರಲ್ಲಿ ಇಳಿದ್ರೆ ಸಲೀಸಾಗಿ ಬಿಡುತ್ತೆ. ಹೇಗೂ ನಿಮ್ಮ ಹಿತ್ತಿಲಲ್ಲೇ ಕೊಳ ಇದೆಯಲ್ಲ?"

ಕೊಳವೇನೋ ಇತ್ತು. ಈ ಮನೆಯ ಹಿಂದಿನ ಯಜಮಾನ ಈಜು ಕಲಿಸುವವನಾಗಿದ್ದ. ಗವಸಣ್ಣ ಮನೆ ಕೊಂಡ ಮೇಲೆ ಅದರಲ್ಲಿ ಈಜಿದ್ದು ಒಣಗಿದ ಎಲೆಗಳು ಮಾತ್ರ. ನೀರು ಹದಿನೆಂಟು ಡಿಗ್ರಿ. ಬೆರಳಿಟ್ಟರೆ ಹಲ್ಲು ಕಟಕಟ ಎನ್ನುತ್ತಿತ್ತು.

ಅರಿವಳಿಕೆ ಎಂಬ ಮಾತಿಗೇ ಹೆಂಡತಿ ಬೆವೆತಳು. ಗವಸಣ್ಣ ಅವಳಿಗಿಂತ ಹೆಚ್ಚು ಬೆವೆತ. ಹೋದ ಸಲ ಆಪರೇಷನ್ ಮುಗಿದು ಕಣ್ಣು ಬಿಟ್ಟವಳು ಅರ್ಧ ಗಂಟೆ ಗಂಡನನ್ನು ಗುರುತಿಸಿರಲಿಲ್ಲ. "ಇವರು ಯಾರು? ಪಾಪ, ಒಳ್ಳೆಯವರ ಹಾಗೆ ಕಾಣ್ತಾರೆ" ಎಂದು ನರ್ಸನ್ನು ಕೇಳಿದ್ದಳು! ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನ ಬಗ್ಗೆ ಆಡಿದ ಅತ್ಯಂತ ಒಳ್ಳೆಯ ಮಾತು ಅದೇ ಆಗಿದ್ದರೂ, ಆ ಅರ್ಧ ಗಂಟೆ ಅವನ ಜೀವ ಬಾಯಿಗೆ ಬಂದಿತ್ತು. ಅಂಥದ್ದು ಇನ್ನೊಮ್ಮೆ ಬೇಡವೇ ಬೇಡ ಎಂದು ಅವನು ನಿಶ್ಚಯಿಸಿದ್ದ.

ಮರುದಿನ ಟೇಪು ಹಿಡಿದು ಕೊಳದ ಉದ್ದ, ಅಗಲ, ಆಳ ಅಳೆದು ನೀರು ಕಾಯಿಸುವ ಯಂತ್ರಗಳ ಅಂಗಡಿಗೆ ದಂಡೆತ್ತಿ ಹೋದ.

"ಎಷ್ಟು ಲೀಟರ್ ಸಾರ್?"

"ಮೂವತ್ತೆಂಟು ಸಾವಿರದ ನಾನೂರು. ಎಲೆ ತೆಗೆದು."

ಅಂಗಡಿಯವನು ಹೀಟ್ ಪಂಪ್ ಎಂಬ ಮೂರು ಯಂತ್ರ ತೋರಿಸಿದ. ಚಿಕ್ಕದು, ಮಧ್ಯಮ, ದೊಡ್ಡದು. "ಇವು ತಾವಾಗಿ ನೀರು ಕಾಯಿಸಲ್ಲ ಸಾರ್. ಹೊರಗಿನ ಗಾಳೀಲಿರೋ ಶಾಖ ಎಳ್ಕೊಂಡು ನೀರಿಗೆ ಕೊಡ್ತವೆ. ಒಂದು ಕಡೆಯಿಂದ ಗಾಳಿ ಒಳಗೆ ಹೋಗುತ್ತೆ, ಇನ್ನೊಂದು ಕಡೆಯಿಂದ ತಣ್ಣಗಾಗಿ ಹೊರಗೆ ಬರುತ್ತೆ."

"ಹೊರಗೇ ಚಳಿ ಇದೆಯಲ್ರೀ?"

"ಚಳಿ ನಮಗೆ ಸಾರ್. ಇದಕ್ಕೆ ಆ ಗಾಳೀಲೂ ಶಾಖ ಸಿಗುತ್ತೆ."

ಇದನ್ನೆಲ್ಲ ತಾನೇ ಕಂಡುಹಿಡಿದವನ ಹಾಗೆ ಗವಸಣ್ಣ ತಲೆಯಾಡಿಸಿದ. "ಸುತ್ತಲೂ ಗಾಳಿ ಆಡೋಕೆ ಜಾಗ ಬಿಡಬೇಕು, ಅದೇ ಮುಖ್ಯ" ಎಂದು ಅಂಗಡಿಯವನು ಹೇಳುವಾಗ ಅವನ ತಲೆಯಲ್ಲಿ ಬೇರೆಯದೇ ಪ್ರಶ್ನೆ ಕುಣಿಯುತ್ತಿತ್ತು. "ಇದಕ್ಕೆ ಗವಸು ಬರುತ್ತಾ?"

"ಬರುತ್ತೆ ಸಾರ್. ಆಫ್ ಮಾಡಿ ತಿಂಗಳುಗಟ್ಟಲೆ ಇಡೋವಾಗ..."

ಗವಸಣ್ಣನಿಗೆ ಕೇಳಿಸಿದ್ದು 'ಬರುತ್ತೆ' ಮಾತ್ರ.

ಚಿಕ್ಕ ಯಂತ್ರ ಅಷ್ಟು ನೀರು ಕಾಯಿಸಲು ಹತ್ತು ದಿನ ಹಿಡಿಯುತ್ತದೆ, ದೊಡ್ಡದಾದರೆ ನಾಲ್ಕು ದಿನ ಸಾಕು ಎಂದು ತಿಳಿದು ದೊಡ್ಡದನ್ನೇ ಆರಿಸಿದ. ಆಯ್ಕೆ ಸರಿಯಾಗಿಯೇ ಇತ್ತು. ಅನಾಹುತ ಶುರುವಾದದ್ದು ಅಲ್ಲಿಂದಲೇ. ಒಂದು ಸಲ ಸರಿ ಮಾಡಿದ ಗಂಡಸನ್ನು ಆಮೇಲೆ ಹಿಡಿಯುವವರು ಯಾರು!

ಗುರುವಾರ ಅಂಗಡಿಯವನೇ ಬಂದು ಹಿತ್ತಿಲ ಬಯಲಿನಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಯಂತ್ರ ಕೂರಿಸಿದ. ಕೊಳದ ಫಿಲ್ಟರಿನಿಂದ ಎರಡು ಪೈಪು ಎಳೆದ, ಬೇರೆ ವೈರು ಜೋಡಿಸಿದ, ಸ್ವಿಚ್ ಒತ್ತಿದ. ಫ್ಯಾನು ಗುಂಯ್ ಎಂದಿತು. ಯಂತ್ರದ ಹಣೆಯ ಮೇಲೆ ಕೆಂಪಕ್ಷರದಲ್ಲಿ ಹದಿನೆಂಟು ಮೂಡಿತು. ಶುಕ್ರವಾರ ಇಪ್ಪತ್ತೊಂದು. ಶನಿವಾರ ಬೆಳಿಗ್ಗೆ ಇಪ್ಪತ್ತೈದು! ಗವಸಣ್ಣ ಮೀಸೆ ತಿರುವಿದ.

ಆಗಲೇ ಯಂತ್ರದ ಬುಡದಲ್ಲಿ ನೀರು ಕಂಡಿತು. ಗಾಬರಿಯಿಂದ ಅಂಗಡಿಯವನಿಗೆ ಫೋನ್ ಮಾಡಿದ.

"ರೀ, ಸೋರ್ತಾ ಇದೆ!"

"ಅದು ಸೋರಿಕೆ ಅಲ್ಲ ಸಾರ್, ಬೆವರು. ತಣ್ಣಗಿನ ಜಾಗದಲ್ಲಿ ಗಾಳೀಲಿರೋ ತೇವ ನೀರಾಗುತ್ತೆ ಅಷ್ಟೆ."

"ಚಳೀಲಿ ಬೆವರೋದು ಅಂದ್ರೇನ್ರೀ? ಜ್ವರಾನಾ?"

ಅಂಗಡಿಯವನು ನಕ್ಕು ಫೋನ್ ಇಟ್ಟ. ಗವಸಣ್ಣನಿಗೆ ನಗು ಬರಲಿಲ್ಲ. ಫ್ಯಾನಿನ ಮುಂದೆ ನಿಂತು ನೋಡಿದ. ಮೈ ಕೊರೆಯುವ ಗಾಳಿ! ಮೈಯೆಲ್ಲ ಬೆವರು, ಉಸಿರೆಲ್ಲ ತಣ್ಣಗೆ. ನೀರನ್ನು ಬೆಚ್ಚಗೆ ಮಾಡಬೇಕಾದ ಯಂತ್ರ ತಾನೇ ಬಯಲಿನಲ್ಲಿ ಬರಿಮೈಯಲ್ಲಿ ನಡುಗುತ್ತಿದೆ! ಗಾಳಿ, ಬೆಳಕು, ಧೂಳು, ಮೂರು ಶತ್ರುಗಳೂ ಒಟ್ಟಿಗೆ ಮುತ್ತಿಗೆ ಹಾಕಿವೆ! ಇದಕ್ಕೇ ಇಷ್ಟು ಚಳಿಯಾದರೆ ಮಂಗಳವಾರದ ಗತಿ ಏನು? ಅವನೊಳಗಿನ ಇಪ್ಪತ್ತಾರು ವರ್ಷದ ಉಗ್ರಾಣ ಎದ್ದು ಕುಳಿತಿತು.

ಮಧ್ಯಾಹ್ನವೇ ಬಡಗಿ ಬಂದ. ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ, ಒಳಗೆ ಥರ್ಮಾಕೋಲು, ಮುಂದೆ ಬಾಗಿಲು, ಬಾಗಿಲಿಗೆ ಬೀಗ.

"ಸಾರ್, ಗಾಳಿಗೆ ಕಿಂಡಿ ಬಿಡಲಾ?"

"ಬೇಡ! ಬೆವರು ಹರಿದು ಹೋಗೋಕೆ ಕೆಳಗೆ ನಾಲ್ಕು ಬೆರಳು ಸಂದಿ ಬಿಡು, ಸಾಕು."

ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. "ರೀ, ಅದು ಉಸಿರಾಡೋದು ಹೇಗೆ?"

"ಯಂತ್ರ ಕಣೇ ಅದು. ಯಂತ್ರ ಉಸಿರಾಡುತ್ತಾ?"

"ಬೆವರುತ್ತೆ ಅಂದ್ರಿ. ಬೆವರೋದು ಉಸಿರಾಡಲ್ವಾ?"

ಇಂಥ ಪ್ರಶ್ನೆಗೆಲ್ಲ ಉತ್ತರ ಕೊಡುತ್ತ ಕೂತರೆ ಕೆಲಸ ಸಾಗುತ್ತದೆಯೇ? ಗವಸಣ್ಣ ಪೆಟ್ಟಿಗೆಯ ಮೇಲೆ ಎರಡು ಹಳೆಯ ಕಂಬಳಿ ಹೊದಿಸಿ, ಬೀಗ ಹಾಕಿ, ಬೀಗಕ್ಕೊಂದು ಪ್ಲಾಸ್ಟಿಕ್ ಗವಸು ತೊಡಿಸಿ ಒಳಗೆ ಬಂದ.

ಭಾನುವಾರ ಬೆಳಿಗ್ಗೆ ಕೊಳದಲ್ಲಿ ತೇಲಿಬಿಟ್ಟಿದ್ದ ಥರ್ಮಾಮೀಟರು ನೋಡಿದ. ಇಪ್ಪತ್ತನಾಲ್ಕು. ನಿನ್ನೆ ಇಪ್ಪತ್ತೈದಿತ್ತಲ್ಲ? ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಇಪ್ಪತ್ತನಾಲ್ಕೇ. ಪೆಟ್ಟಿಗೆಗೆ ಕಿವಿಗೊಟ್ಟ. ಗುಂಯ್ ಎಂಬ ಸದ್ದು ಶುರುವಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಚಳಿ ಇನ್ನೂ ಬಿಟ್ಟಿಲ್ಲ ಪಾಪ ಎಂದುಕೊಂಡು ಮೂರನೆಯ ಕಂಬಳಿ ತಂದು ಹೊದಿಸಿದ.

ಸಂಜೆಗೆ ಇಪ್ಪತ್ತಮೂರು. ಸದ್ದೂ ಇಲ್ಲ.

ಬಾಗಿಲು ತೆಗೆದು ನೋಡೋಣವೆಂದರೆ ಒಳಗೆ ಕೂಡಿಟ್ಟ ಬಿಸಿಯೆಲ್ಲ ಹೊರಗೆ ಹೋದರೆ? ಬೀಗದ ಕೈ ಹಿಡಿದು ನಾಲ್ಕು ಸಲ ಹೋದ, ನಾಲ್ಕು ಸಲ ವಾಪಸು ಬಂದ. ಕೊನೆಗೆ ಅಂಗಡಿಯವನಿಗೆ ಫೋನ್ ಮಾಡಿ ಏನೂ ಗೊತ್ತಿಲ್ಲದವನ ಹಾಗೆ, "ಈ ಯಂತ್ರಗಳು ಭಾನುವಾರ ಸ್ವಲ್ಪ ನಿಧಾನಾನಾ?" ಎಂದು ಕೇಳಿದ.

"ಏನ್ ಸಾರ್ ಹಾಗಂದ್ರೆ? ಅದರ ಹಣೆ ಮೇಲೆ ಏನು ತೋರಿಸ್ತಿದೆ?"

ಹಣೆ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆ ಕಟ್ಟಿಸಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ. "ಚೆನ್ನಾಗೇ ತೋರಿಸ್ತಿದೆ, ಚೆನ್ನಾಗೇ ತೋರಿಸ್ತಿದೆ" ಎಂದು ಫೋನ್ ಇಟ್ಟ.

ಸೋಮವಾರ ಊಟದ ಹೊತ್ತಿಗೆ ಹೆಂಡತಿ ಕೇಳಿದಳು. "ಎಷ್ಟಾಯ್ತು ರೀ?"

"ಇಪ್ಪತ್ತೊಂಬತ್ತು!" ಎಂದುಬಿಟ್ಟ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳ ಮುಖ ಅರಳಿತು. ಊರುಗೋಲು ಗೋಡೆಗೆ ಒರಗಿಸಿ, ಅಪರೂಪಕ್ಕೆ ಅವನ ಕೈ ಹಿಡಿದು, "ಹಾಗಾದ್ರೆ ಮತ್ತೆ ಆಸ್ಪತ್ರೆ ಇಲ್ಲ ಅಲ್ವಾ? ಸುಮ್ಮನೆ ನಿಮ್ಮನ್ನ ಆಡಿಕೊಂಡೆ. ನಂಗೆ ತುಂಬಾ ಹೆದರಿಕೆ ಆಗಿತ್ತು ರೀ" ಎಂದಳು.

ಗವಸಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅವಳು ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಆಗಲೇ ನಿಜ ಹೇಳಬೇಕೆಂದು ಬಾಯಿ ತೆರೆದ, ಅವಳ ಮುಖ ನೋಡಿ ನೀರು ಕುಡಿದು ಮುಚ್ಚಿದ.

ಮಂಗಳವಾರ ಬೆಳಗಾಗುತ್ತಲೇ ಅಡುಗೆಮನೆಯ ದೊಡ್ಡ ಪಾತ್ರೆಗಳಲ್ಲೆಲ್ಲ ನೀರು ಕುದಿಯಲಿಟ್ಟ. ಬಕೆಟಿನಲ್ಲಿ ಹೊತ್ತುಕೊಂಡು ಹೋಗಿ ಕೊಳಕ್ಕೆ ಸುರಿದ. ಒಂದು ಬಕೆಟ್, ಐದು ಬಕೆಟ್, ಹದಿನೇಳು ಬಕೆಟ್! ಬೆನ್ನು ಬಿಲ್ಲಾಯಿತು, ಪಂಚೆ ಒದ್ದೆಯಾಯಿತು, ಹೆಬ್ಬೆರಳು ಸುಟ್ಟಿತು. ಮೂವತ್ತೆಂಟು ಸಾವಿರದ ನಾನೂರು ಲೀಟರಿನ ಕೊಳಕ್ಕೆ ಇದು ಗೊತ್ತೇ ಆಗಲಿಲ್ಲ. ಥರ್ಮಾಮೀಟರು ಇಪ್ಪತ್ತೊಂದರಲ್ಲಿ ಬಿಗುಮಾನದಿಂದ ಕುಳಿತಿತ್ತು.

ಹತ್ತಕ್ಕೆ ಸರಿಯಾಗಿ ಫಿಸಿಯೋ ಮೇಡಂ ಬಂದರು. ಹೆಂಡತಿ ಈಜುಡುಗೆಯ ಮೇಲೆ ಟವೆಲ್ ಹೊದ್ದು, ಊರುಗೋಲು ಊರುತ್ತ ಉತ್ಸಾಹದಿಂದ ಕೊಳದ ಬಳಿಗೆ ನಡೆದಳು. ಮೇಡಂ ನೀರಿಗೆ ಕೈ ಅದ್ದಿ ಥಟ್ಟನೆ ತೆಗೆದರು.

"ಇದು ಮೂವತ್ತೆರಡಾ?"

ಹೆಂಡತಿ ಗಂಡನನ್ನು ನೋಡಿದಳು. ಗವಸಣ್ಣ ಆಕಾಶ ನೋಡಿದ.

"ರೀ. ನಿನ್ನೆ ಇಪ್ಪತ್ತೊಂಬತ್ತು ಅಂದ್ರಲ್ಲ?"

"ಅದು... ಆಗಬೇಕಾಗಿದ್ದದ್ದು ಹೇಳಿದೆ ಕಣೇ. ಆಗಿರೋದು ಇಪ್ಪತ್ತೊಂದು."

ಹೆಂಡತಿಯ ಕಣ್ಣು ಮೊದಲು ತುಂಬಿ ಬಂತು, ಮರುಕ್ಷಣ ಕೆಂಪಾಯಿತು. "ಆ ಪೆಟ್ಟಿಗೆ ತೆಗೀರಿ."

ಗವಸಣ್ಣ ಬೀಗದ ಗವಸು ತೆಗೆದ, ಬೀಗ ತೆಗೆದ, ಬಾಗಿಲು ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಬಾಗಿಲು ಮಿಸುಕಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗಿತ್ತು.

"ಸರೀರಿ ಆಚೆ!" ಹೆಂಡತಿ ಊರುಗೋಲು ಎಸೆದಳು. ಪಕ್ಕದಲ್ಲಿ ಬಿದ್ದಿದ್ದ ಬಕೆಟನ್ನು ಮಗುಚಿ ಹಾಕಿ, ಅದರ ಮೇಲೆ ಧಡಕ್ಕನೆ ಕುಳಿತು, ಎರಡೂ ಕಾಲು ಒಳಕ್ಕೆ ಎಳೆದುಕೊಂಡು, ಬಗ್ಗಿ, ನಾಲ್ಕು ಬೆರಳಿನ ಸಂದಿಯೊಳಗೆ ಕಣ್ಣಿಟ್ಟಳು.

"ಮಂಜುಗಡ್ಡೆ! ಒಳಗೆಲ್ಲ ಮಂಜುಗಡ್ಡೆ! ಅಲ್ರೀ, ಗಾಳೀಲಿರೋ ಶಾಖ ಎಳ್ಕೊಳ್ಳುತ್ತೆ ಅಂತ ನೀವೇ ಹೇಳಿದ್ರಿ. ಗಾಳೀನೇ ಬಿಡದ ಹಾಗೆ ಕಟ್ಟಿದ್ರೆ ಅದು ಎಲ್ಲಿಂದ ಎಳ್ಕೋಬೇಕು? ತಾನು ಬಿಟ್ಟ ತಣ್ಣನೆ ಗಾಳೀನೇ ಮತ್ತೆ ಮತ್ತೆ ಕುಡಿದು ಹೆಪ್ಪುಗಟ್ಟಿ ಕೂತಿದೆ! ನೀವು ಕಟ್ಟಿಸಿದ್ದು ಫ್ರಿಜ್ಜು, ಫ್ರಿಜ್ಜು!"

ಅಷ್ಟರಲ್ಲಿ ಹಿಂದಿನಿಂದ ಮೇಡಂ ಕೂಗಿದರು. "ಅಲ್ಲಾಡಬೇಡಿ! ಹಾಗೇ ಇರಿ!"

ಗವಸಣ್ಣ ತನಗೇ ಹೇಳಿದರೆಂದು ಕೈ ಮೇಲೆತ್ತಿ ನಿಂತ. ಮೇಡಂ ಓಡಿ ಬಂದು, ನೆಲದ ಮೇಲೆ ಕುಳಿತು, ಹೆಂಡತಿಯ ಎಡ ಮಂಡಿಗೆ ಅಳತೆಪಟ್ಟಿ ಇಟ್ಟರು. ಒಮ್ಮೆ ನೋಡಿದರು. ನಂಬದೆ ಇನ್ನೊಮ್ಮೆ ನೋಡಿದರು.

"ತೊಂಬತ್ತನಾಲ್ಕು!"

ಹೆಂಡತಿ ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು. ಅದು ಮಡಿದಿದೆ ಎಂದು ಅರಿವಾದ ಮೇಲೆ, "ಅಮ್ಮಾ!" ಎಂದು ಕಿರುಚಿದಳು. ಆಮೇಲೆ ಅಳುತ್ತ ನಗತೊಡಗಿದಳು. ಗವಸಣ್ಣ ಮತ್ತು ಮೇಡಂ ಆಚೀಚೆ ಹಿಡಿದು ಬಕೆಟಿನಿಂದ ಎಬ್ಬಿಸಬೇಕಾಯಿತು. ಅವನಿಗೂ ಕಣ್ಣು ಮಂಜಾಗಿತ್ತು. ಮೂರು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

"ಹೆದರಿಕೆ ಮರೆತ್ರಿ ನೋಡಿ, ಮಂಡಿ ತಾನಾಗಿ ಬಿಟ್ಟುಕೊಟ್ಟಿತು" ಎಂದರು ಮೇಡಂ.

ಕಣ್ಣೊರೆಸಿಕೊಂಡ ಗವಸಣ್ಣನಿಗೆ ಮೆಲ್ಲನೆ ಧೈರ್ಯ ಬಂತು. ಎದೆ ಸ್ವಲ್ಪ ಮುಂದೆ ಬಂತು. "ಅಂದ್ರೆ ಒಂದು ಲೆಕ್ಕದಲ್ಲಿ, ನಾನು ಕಟ್ಟಿಸಿದ ಪೆಟ್ಟಿಗೆಯಿಂದಲೇ..."

"ಖಂಡಿತ" ಎಂದ ಮೇಡಂ ಚೀಟಿಯೊಂದರಲ್ಲಿ ಏನೋ ಬರೆದು ಅವನ ಕೈಗೇ ಕೊಟ್ಟರು. "ಓದಿ ಸಾರ್, ಜೋರಾಗಿ. ಅವರಿಗೂ ಕೇಳಿಸಲಿ."

ಗವಸಣ್ಣ ಗಂಟಲು ಸರಿಪಡಿಸಿಕೊಂಡು ಓದಿದ. "ಇವತ್ತೇ ಪೆಟ್ಟಿಗೆ ಒಡೆಯುವುದು. ನೀರು ಬೆಚ್ಚಗಾದ ಮೇಲೆ ದಿನಕ್ಕೆ ಅರ್ಧ ಗಂಟೆ ಕೊಳದಲ್ಲಿ ವ್ಯಾಯಾಮ. ಅಲ್ಲಿಯವರೆಗೆ, ದಿನಕ್ಕೆ ಮೂರು ಸಲ, ಗಂಡ ಮಾಡಿದ ಯಾವುದಾದರೂ ಒಂದು ಕೆಲಸವನ್ನು ಬಗ್ಗಿ ಕೂತು ಪರೀಕ್ಷಿಸುವುದು."

ಹೆಂಡತಿ ಅಡ್ಡಡ್ಡ ತಲೆಯಾಡಿಸಿದಳು.

"ಮೂರು ಸಲ ಸಾಲಲ್ಲ ಮೇಡಂ. ಮೂವತ್ತು ವರ್ಷದ್ದು ಬಾಕಿ ಇದೆ."