ಭಾವನ ಜೀಪು ನೆಟ್ಟಗೆ ಹೋದದ್ದು

ಗ್ಯಾರೇಜು ಇಟ್ಟವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಕೊಟ್ಟೂರಿನಲ್ಲಿ ನನ್ನಂಥ ಮೇಸ್ತ್ರಿ ಇನ್ನೊಬ್ಬನಿಲ್ಲವಾದ್ದರಿಂದ ನನಗೆ ತುಸು ಹೆಚ್ಚೇ ಆಗುತ್ತವೆ. ಇಲ್ಲಿ ಬರೆದ ಒಂದೊಂದು ಮಾತೂ ಖರೆ, ಕೈಯಲ್ಲಿರುವ ನಟ್ಟು ಬಿಚ್ಚುವ ಪಾನಾ ಮುಟ್ಟಿ ಹೇಳುತ್ತೇನೆ. ಮೊದಲು ಆಣೆ ಇಡುವ ಕೆಲಸವೇ ಇರಲಿಲ್ಲ. ನಾನು ಬಾಯಿ ತೆರೆದರೆ ಸಾಕು, ತಂಬ್ರಹಳ್ಳಿಯ ನಮ್ಮ ಭಾವ, ಅಂದರೆ ಅಕ್ಕನ ಗಂಡ, ನನ್ನದೇ ವಾರಿಗೆಯವನು, ಕೂತವರಿಗೆಲ್ಲ "ಅರ್ಧ ಕಳೀರಿ" ಎನ್ನುತ್ತಿದ್ದ. ಕಳೆಯುವವನೇ ಹೋದ ಮೇಲೆ ನಾನೇ ಜವಾಬ್ದಾರಿಯಿಂದ ಇರಬೇಕಲ್ಲ.

ಎತ್ತರ

ಭಾವನ ಹಳೇ ಜೀಪು ಎರೆಹೊಲದ ಚಕ್ಕಡಿ ಜಾಡಿನಲ್ಲಿ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತಿತ್ತು. ಅವನ ಕುರಿಹಟ್ಟಿ ಇದ್ದದ್ದು ಅದರಾಚೆ. "ಎತ್ತಲೇ ಇದನ್ನ" ಅಂದ. ಸ್ಪ್ರಿಂಗಿನ ಪಾಟಾ ಬದಲಿಸಿ ಎತ್ತಿದೆ. ಎಷ್ಟೆಂದರೆ, ಬಾನೆಟ್ ಮೇಲೆ ನಿಂತರೆ ಉಚ್ಚಂಗಿದುರ್ಗದ ಕೋಟೆ ಕಾಣುತ್ತಿತ್ತು! ಅಕ್ಕ ಹತ್ತಲಾರದೆ ಕೆಳಗೇ ನಿಂತಳು.

"ತಮ್ಮಾ, ಮದುವಿ ಆದಾಗಿಂದ ಇವರ ಪಕ್ಕ ಕುಂದರಾಕ ಜಾಗ ಕೇಳಾಕತ್ತೀನಿ. ಈಗ ಜಾಗ ಐತಿ, ನಿಚ್ಚಣಿಕಿ ಇಲ್ಲ."

ಎಡಕ್ಕಷ್ಟೇ

ಎತ್ತಿದ ಮೇಲೆ ಸ್ಟೇರಿಂಗ್ ರಾಡು ಓರೆಯಾಗಿ, ಗಾಡಿ ನೆಟ್ಟಗೆ ಹೊರಟರೂ ಸ್ಟೇರಿಂಗ್ ಸೊಟ್ಟ ನಿಂತಿತು. ರಾಡಿನ ಉದ್ದ ಸರಿಪಡಿಸಿದರೆ ಮುಗಿಯುತ್ತದೆ. ಅದು ಸಾಮಾನ್ಯ ಮೇಸ್ತ್ರಿಗಳ ದಾರಿ. ನಾನು ಸ್ಟೇರಿಂಗನ್ನೇ ಕಿತ್ತು ನೆಟ್ಟಗೆ ಕೂರಿಸಿದೆ. ನೋಡಲು ಚೆಂದ. ಆದರೆ ಎಡಕ್ಕೆ ಪೂರಾ ಹೊರಳುತ್ತಿತ್ತು, ಬಲಕ್ಕೆ ಅರ್ಧಕ್ಕೇ ಹಿಡಿಯುತ್ತಿತ್ತು. ಹಗರಿಬೊಮ್ಮನಹಳ್ಳಿ ಸಂತೆಗೆ ಹೋದ ಭಾವ ಸಂಜೆ ನನ್ನ ಗ್ಯಾರೇಜಿಗೆ ಬಂದು ನಿಂತ.

"ಯಾಕ ಭಾವ, ಮನಿ ಬಿಟ್ಟು ಇತ್ತಾಗ?"

"ಮನಿ ಬಲಕ್ಕ ಐತಲೇ. ಎಡಕ್ಕ ಹೊರಳಿದ್ರ ನೀನ ಸಿಗೋದು!"

ಕುಡಿದವರು ಯಾರು

ರಾಡು ಸರಿಮಾಡಿದೆ. ಹಿಂದಿನ ಗಾಲಿಯಿಂದ ಮುಂದಿನದಕ್ಕೆ ದಾರ ಎಳೆದು, ಗಾಲಿ ನೆಟ್ಟಗಿವೆಯೇ ಎಂದು ನೋಡುವುದು ನಮ್ಮ ಪದ್ಧತಿ. ದಾರ ಸಿಗಲಿಲ್ಲ. ಕುರಿಗಳ ಹಿಂದೆ ನಡೆಯುತ್ತಲೇ ಕದಿರಿನಲ್ಲಿ ನೂತ ಉಣ್ಣೆದಾರವನ್ನು ಭಾವ ಕೊಟ್ಟ. ಅದು ಜಗ್ಗಿದಷ್ಟೂ ಉದ್ದವಾಗುವ ಪ್ರಾಣಿ. ಕೂಡ್ಲಿಗಿ ರಸ್ತೆಯಲ್ಲಿ ಜೀಪು ಈ ಅಂಚಿನಿಂದ ಆ ಅಂಚಿಗೆ ಓಲಾಡಿತು. ಪೊಲೀಸರು ತಡೆದರು.

"ಎಷ್ಟು ಕುಡದೀಯೋ?"

ಭಾವ ಯಂತ್ರಕ್ಕೆ ಊದಿದ. ಏನೂ ತೋರಿಸಲಿಲ್ಲ. ಪಕ್ಕದಲ್ಲಿದ್ದ ನನ್ನತ್ತ ಬೊಟ್ಟು ಮಾಡಿ ಹೇಳಿದ: "ಗಾಡಿ ರಿಪೇರಿ ಮಾಡಿದಾತ ಇಲ್ಲೇ ಅದಾನ್ರಿ ಸಾಹೇಬ್ರ. ಇವನ ಕಡಿಂದ ಊದಸ್ರಿ."

ಕೈ ಬಿಟ್ಟಾಗ

ಹೋದ ಬೇಸಿಗೆಯಲ್ಲಿ ಭಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಉಳಿದದ್ದು ಒಂದೇ ಆಸೆ: ಇನ್ನೊಮ್ಮೆ ತಾನೇ ಜೀಪು ಓಡಿಸಿಕೊಂಡು ಹಟ್ಟಿಗೆ ಹೋಗಬೇಕು.

"ಗೇರ್ ಹಾಕಾಕ ಇರೋ ಒಂದ ಕೈ ಸ್ಟೇರಿಂಗ್ ಬಿಡಬೇಕಾಗತೈತಿ. ಅಷ್ಟೊತ್ತು ಅದು ತಾನ ನೆಟ್ಟಗ ಹೋಗಬೇಕು ನೋಡಲೇ. ಹೋತಂದ್ರ ನಿನ್ನ ಮೇಸ್ತ್ರಿ ಅಂತೀನಿ."

ದೊಡ್ಡಸ್ತಿಕೆ ಬದಿಗಿಟ್ಟು ಕೆಲಸಕ್ಕೆ ಕೂತೆ. ಗಾಡಿ ಎತ್ತಿದಾಗ ಮುಂದಿನ ಆಕ್ಸಲ್ ವಾಲಿತ್ತು. ಪಾಟಾದ ಕೆಳಗೆ ಓರೆ ಕಬ್ಬಿಣದ ತುಂಡು ಕೊಟ್ಟು ಸರಿ ನಿಲ್ಲಿಸಿದೆ. ಈಗ ಹೊರಳಿಸಿ ಬಿಟ್ಟರೆ ಸ್ಟೇರಿಂಗ್ ತಾನೇ ವಾಪಸು ಬರುತ್ತಿತ್ತು. ಗೋಡೆ ಕಟ್ಟುವ ಗೌಂಡಿಯೊಬ್ಬನಿಂದ ನೈಲಾನ್ ದಾರ ಇಸಿದುಕೊಂಡು ಗಾಲಿ ಅಳೆದೆ. ಜೀಪು ತಂಬ್ರಹಳ್ಳಿ ಮುಟ್ಟುವ ತನಕ ಭಾವ ಕಾಯಲಿಲ್ಲ.

ಅವನನ್ನು ಮಣ್ಣಿಗೆಂದು ಹೊಲಕ್ಕೆ ಒಯ್ದದ್ದು ಅದೇ ಜೀಪಿನಲ್ಲಿ. ಹಿಂದೆ ಅವನು, ಸ್ಟೇರಿಂಗಿಗೆ ನಾನು. ಮಂದಿ ಎತ್ತಿ ಕೂರಿಸಿದ್ದರಿಂದ ಅಕ್ಕನಿಗೂ ಅಂತೂ ಮುಂದಿನ ಸೀಟು ಸಿಕ್ಕಿತ್ತು. ಎರೆಹೊಲದ ಜಾಡಿಗೆ ಇಳಿದಾಗ ಅವಳು ಅಳು ನಿಲ್ಲಿಸಿದಳು.

"ತಮ್ಮಾ, ಕೈ ಬಿಡು. ಅವರು ನೋಡ್ಲಿ."

ಬಿಟ್ಟೆ, ಎರಡೂ ಕೈ. ಜೀಪು ದಾರ ಹಿಡಿದಂಗೆ ಹಟ್ಟಿಯತ್ತ ನೆಟ್ಟಗೆ ಹೋಯಿತು. ಅಕ್ಕ ಹಿಂದಕ್ಕೆ ಹೊರಳಿ ಗದರಿದಳು: "ಈಗರ ಅನ್ರಿ, ಮೇಸ್ತ್ರಿ ಅಂತ!"

ಭಾವನ ಮೊಂಡುತನ ನಿಮಗೆ ಗೊತ್ತಿಲ್ಲ. ಅನ್ನಲೇ ಇಲ್ಲ.

ಇಷ್ಟರಲ್ಲಿ ಸಣ್ಣದೊಂದು ಮಾತು ಮಾತ್ರ ಕಟ್ಟಿ ಹೇಳಿದ್ದು. ಗೌಂಡಿಯ ನೈಲಾನ್ ದಾರ ಸುಳ್ಳು. ಭಾವನ ಆ ಕೈ ಇನ್ನು ನೂಲುವುದಿಲ್ಲ ಅನ್ನಿಸಿ, ಗಾಲಿ ಅಳೆದದ್ದು ಅವನ ಉಣ್ಣೆದಾರದಿಂದಲೇ. ಹಾಗಾಗಿ ಅವತ್ತು ಕೈ ಬಿಟ್ಟಾಗ ಜೀಪು ಎಡಕ್ಕೆ ತುಸು ಎಳೆದೇ ಎಳೆಯಿತು.

ಅರ್ಧ ಕಳೀರಿ.